ಇಪ್ಪತ್ತಮೂರನೆಯ ಹೆಸರು

ಪೊನ್ ಸಂತೆಯ ದಿನ ಹುಟ್ಟಿದ ಹೆಣ್ಣಿಗೆ ಪೊನಿರಾ ಅಂತಲ್ಲದೆ ಇನ್ನೇನು ಹೆಸರಿಡುತ್ತಾರೆ? ಅವಳಪ್ಪ ಕ್ಲಾತೆನ್ ಸೀಮೆಯ ಕಬ್ಬಿನ ಗದ್ದೆಗಳಲ್ಲಿ ಕೂಲಿ ಮಾಡುತ್ತಿದ್ದ. ಹೆಸರು ಹುಡುಕುತ್ತ ಕೂರುವಷ್ಟು ಪುರುಸೊತ್ತು ಅವನಿಗಿರಲಿಲ್ಲ. ಅಣ್ಣ ಲೆಗಿಯ ದಿನ ಹುಟ್ಟಿ ಲೆಗಿಮನ್ ಆಗಿದ್ದ, ಅಕ್ಕ ವಗೆಯ ದಿನ ಹುಟ್ಟಿ ವಗಿಯೆಮ್ ಆಗಿದ್ದಳು, ಇವಳು ಪೊನಿರಾ ಆದಳು. ಲೆಗಿ, ಪಹಿಂಗ್, ಪೊನ್, ವಗೆ, ಕ್ಲಿವೊನ್ ಎಂಬ ಐದು ಸಂತೆದಿನಗಳದ್ದು ಒಂದು ಚಕ್ರ. ಸೋಮವಾರ ಮಂಗಳವಾರ ಎಂಬ ಏಳು ದಿನಗಳದ್ದು ಇನ್ನೊಂದು. ಎರಡೂ ಜೊತೆಜೊತೆಗೆ ಉರುಳುತ್ತ ಹೋಗಿ ಮೂವತ್ತೈದು ದಿನಕ್ಕೊಮ್ಮೆ ಅದೇ ಜೋಡಿ ಮರಳಿ ಬರುತ್ತದೆ. ಮದುವೆಗೆ, ಮನೆಯ ಕಂಬ ನಿಲ್ಲಿಸುವುದಕ್ಕೆ, ಸತ್ತವರ ದಿನ ಮಾಡುವುದಕ್ಕೆ ಊರಿನಲ್ಲಿ ಆ ಜೋಡಿಯೇ ಲೆಕ್ಕ. ತಿಂಗಳು, ಇಸವಿ ಎಂಬುದೆಲ್ಲ ಸರ್ಕಾರದ ಕಾಗದಕ್ಕೆ.

ಹದಿನಾಲ್ಕನೇ ವಯಸ್ಸಿಗೆ ಅವಳು ವಿರ್ಯಾ ಅವರ ಅಚ್ಚುಕೂಟಕ್ಕೆ ಕಸ ಗುಡಿಸಲು ಸೇರಿದಳು. ಆಗೆಲ್ಲ ಸೀಸದ ಮೊಳೆಗಳ ಕಾಲ. ಗಂಡಸರು ಸಾಲಾಗಿ ನಿಂತು ಖಾನೆಗಳಿಂದ ಮೊಳೆ ಆರಿಸಿ ಜೋಡಿಸುತ್ತಿದ್ದರು, ಇವಳು ಕೆಳಗೆ ಬಿದ್ದ ಮೊಳೆಗಳನ್ನು ಗುಡಿಸಿ ತೆಗೆದು ಯಾವುದು ಯಾವ ಖಾನೆಯದು ಎಂದು ನೋಡಿ ಹಾಕುತ್ತಿದ್ದಳು. ಹಾಗೆ ಹಾಕುತ್ತ ಹಾಕುತ್ತ ತಿರುಗುಮುರುಗಾದ ಅಕ್ಷರ ಓದುವುದು ಬಂತು. ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಒಂದು ಮದುವೆ ಕಾಗದವನ್ನು ಪೂರ್ತಿ ಜೋಡಿಸಿಟ್ಟಳು. ವಾಪಸು ಬಂದ ಗಂಡಸರು ನೋಡಿ ನಕ್ಕರು, ಆಮೇಲೆ ಓದಿದರು, ಆಮೇಲೆ ನಗುವುದು ನಿಲ್ಲಿಸಿದರು. ಒಂದೂ ತಪ್ಪಿರಲಿಲ್ಲ.

ಆ ಕಾಲದಲ್ಲಿ ಜೋಡಿಸಿದ ಪುಟಕ್ಕೆ ದಾರ ಸುತ್ತಿ ಗ್ಯಾಲಿ ತಟ್ಟೆಯಲ್ಲಿಟ್ಟು ಅಟ್ಟಕ್ಕೇರಿಸುವ ಪದ್ಧತಿಯಿತ್ತು. ಯಂತ್ರಕ್ಕೆ ಹಾಕಿದ ಪುಟ ಚೆದುರಿ ಹೋದರೂ ಅಟ್ಟದ ಮೇಲಿನದನ್ನು ಇಳಿಸಿದರಾಯಿತು, ದಾರ ಕಟ್ಟಿದ ದಿನ ಹೇಗಿತ್ತೋ ಹಾಗೇ ಇರುತ್ತಿತ್ತು. ದಾರ ಕಟ್ಟದೆ ಮನೆಗೆ ಹೋದವನನ್ನು ಪೊನಿರಾ ಮನುಷ್ಯನೆಂದೇ ಎಣಿಸುತ್ತಿರಲಿಲ್ಲ.

ಅವಳಿಗೆ ನಲವತ್ತು ದಾಟಿದ ಮೇಲೆ ಕಂಪ್ಯೂಟರ್ ಬಂತು. ಗಂಡಸರನ್ನು ತರಬೇತಿಗೆ ಕಳುಹಿಸಿದರು. ಇವಳು ಅವರ ಬೆನ್ನ ಹಿಂದೆ ನಿಂತು ಕಲಿತಳು. ತರಬೇತಿ ಪಡೆದವರು ಒಬ್ಬೊಬ್ಬರಾಗಿ ದೊಡ್ಡ ಊರು ಸೇರಿಕೊಂಡರು, ಕಂಪ್ಯೂಟರ್ ಮತ್ತು ಪೊನಿರಾ ಉಳಿದುಕೊಂಡರು. ಆ ಯಂತ್ರ ಮುದಿಯಾಯಿತು. ಒಳಗಿನ ಗಡಿಯಾರದ ಬ್ಯಾಟರಿ ಸತ್ತು, ಪ್ರತಿದಿನ ಶುರುವಾಗುವಾಗ ಇವತ್ತು ಎರಡು ಸಾವಿರದ ನಾಲ್ಕನೇ ಇಸವಿಯ ಜನವರಿ ಒಂದು ಎಂದು ಹೇಳುತ್ತಿತ್ತು. ಆದರೆ ಅಚ್ಚಿನ ಪ್ಲೇಟ್ ಕೊರೆಯುವ ಯಂತ್ರ ಮಾತು ಕೇಳುತ್ತಿದ್ದದ್ದು ಅದೊಂದರದ್ದೇ.

ಹಾಗಾಗಿ ಪೊನಿರಾ ಅದಕ್ಕೂ ದಾರ ಕಟ್ಟುವುದನ್ನು ಕಲಿತಳು. ಎರಡು ಹಳೆಯ ಹಾರ್ಡ್ ಡಿಸ್ಕ್ ಸಂಪಾದಿಸಿದಳು. ಯಂತ್ರ ಸರಿಯಾಗಿ ನಡೆಯುತ್ತಿರುವ ಒಂದು ದಿನ ನೋಡಿ ಒಳಗಿರುವುದನ್ನೆಲ್ಲ ಇದ್ದ ಹಾಗೇ ಒಂದರಲ್ಲಿ ನಕಲಿಡುವುದು, ಕೆಲವು ವಾರ ಕಳೆದು ಇನ್ನೊಂದರಲ್ಲಿ. ಯಂತ್ರ ಹುಚ್ಚುಹುಚ್ಚಾಗಿ ಆಡಿದರೆ ಹೊಸ ನಕಲನ್ನು ತಂದು ಮೇಲೆ ಸುರಿಯುವುದು. ಆ ದಿನ ಹೇಗಿತ್ತೋ ಹಾಗಾಗುತ್ತಿತ್ತು. ಬೆಂಕಿ, ನೆರೆ ಎಂದರೆ ಯಾರು ಬಲ್ಲರು, ಒಂದು ಡಿಸ್ಕ್ ಅಂಗಡಿಯಲ್ಲಿ, ಒಂದು ಮನೆಯ ಬಟ್ಟೆಪೆಟ್ಟಿಗೆಯಲ್ಲಿ. ಮೇಲೆ ಕಾಗದದ ಚೂರು ಅಂಟಿಸಿ ಪೆನ್ಸಿಲ್ಲಿನಲ್ಲಿ ದಿನ ಬರೆಯುತ್ತಿದ್ದಳು: ಬುಧವಾರ ಪೊನ್, ಶುಕ್ರವಾರ ಲೆಗಿ. ತಾರೀಖು ಬರೆಯುತ್ತಿರಲಿಲ್ಲ. ಯಂತ್ರಕ್ಕೇ ತಾರೀಖು ಗೊತ್ತಿಲ್ಲದ ಮೇಲೆ ತನಗೇಕೆ?

ಪೊನಿರಾಳ ಗಂಡ ಸುಮಾತ್ರಕ್ಕೆ ರಬ್ಬರ್ ತೋಟದ ಕೆಲಸಕ್ಕೆಂದು ಹೋಗಿ ಒಂಬತ್ತು ವರ್ಷದ ಮೇಲೆ ಚೀಲ ಹಿಡಿದು ಬಾಗಿಲಿಗೆ ಬಂದಿದ್ದ. ಅವಳು ಚಹಾ ಕೊಟ್ಟು, ಕುಡಿದಾದ ಮೇಲೆ ಲೋಟ ತೆಗೆದುಕೊಂಡು, ಬಾಗಿಲು ಹಾಕಿಕೊಂಡಳು. ಊರವರಿಗೆ ಅವಳು ಬು ಪೊನ್, ಎಂದರೆ ಪೊನಮ್ಮ. ಪಕ್ಕದ ಸೋತೊ ಸಾರಿನ ಅಂಗಡಿಯ ಹೆಂಗಸರು ಈಗಲೂ ಕೆಣಕುತ್ತಾರೆ.

"ಬು ಪೊನ್, ನಿಮ್ಮ ಡಿಸ್ಕಿಂದ ಗಂಡನ್ನೂ ಹಿಂದಿನ ಹಾಗೆ ಮಾಡಬಹುದಿತ್ತಲ್ಲ?"

"ಕೆಡೋಕೆ ಮುಂಚಿನ ದಿನ ಅಂತ ಒಂದಿದ್ರೆ ತಾನೇ?" ಅನ್ನುತ್ತಾಳೆ ಪೊನಿರಾ.

ಈಗ ಅಚ್ಚುಕೂಟ ನೋಡಿಕೊಳ್ಳುವವನು ವಿರ್ಯಾ ಅವರ ಮಗ ತೆಜೊ; ಪೊನಿರಾ ಅವನನ್ನು ಮಾಸ್, ಎಂದರೆ ಅಣ್ಣಾ, ಎಂದು ಕರೆಯುತ್ತಾಳೆ. ಒಳ್ಳೆಯ ಹುಡುಗನೇ, ಆದರೆ ಹೊಸದು ಅಂದರೆ ಕಣ್ಣು ಕಾಣುವುದಿಲ್ಲ. ಆ ವರ್ಷ ಉಪವಾಸದ ತಿಂಗಳ ಕೊನೆಯ ಲೆಬರಾನ್ ಹಬ್ಬ ಮುಗಿದು ಎರಡು ಮೂರು ವಾರವಾಗಿರಬೇಕು, ಒಂದು ಗುರುವಾರ ಬೆಳಿಗ್ಗೆ ಪೊನಿರಾ ಬರುವಷ್ಟರಲ್ಲಿ ಅವನು ಮುದಿ ಕಂಪ್ಯೂಟರಿನೊಳಗೆ ಏನೋ ಹೊಸ ಪ್ರೋಗ್ರಾಮ್ ತುಂಬಿಸಿ ಕೂತಿದ್ದ. ಪರದೆ ಸೊಗಸಾಗಿತ್ತು, ಬಣ್ಣಬಣ್ಣವಾಗಿತ್ತು. ಪ್ಲೇಟ್ ಯಂತ್ರ ಮಾತ್ರ ಕಲ್ಲಿನ ಹಾಗೆ ಕೂತಿತ್ತು.

"ಇದರ ಕಥೆ ಮುಗೀತು ಬು ಪೊನ್," ಅಂದ ತೆಜೊ, ಬೆವರು ಒರೆಸಿಕೊಳ್ಳುತ್ತ. "ಗುಜರಿಗೆ ಹಾಕೋಣ. ಪ್ಲೇಟ್ ಮಾಡೋಕೆ ಸೋಲೊ ಪಟ್ಟಣಕ್ಕೆ ಕಳಿಸೋಣ."

"ಕುರ್ಚಿ ಬಿಡು ಮಾಸ್."

"ಏನ್ ಮಾಡ್ತೀರಿ?"

"ನೀನು ಮುಟ್ಟೋಕೆ ಮುಂಚೆ ಹೇಗಿತ್ತೋ ಹಾಗೆ ಮಾಡ್ತೀನಿ."

ಕಪಾಟಿನಿಂದ ಅಂಗಡಿಯ ಡಿಸ್ಕ್ ತೆಗೆದಳು. ಮೇಲೆ ಮಂಗಳವಾರ ಕ್ಲಿವೊನ್ ಎಂದಿತ್ತು. ಮೊನ್ನೆ ತಾನೇ ಮಂಗಳವಾರ ಕ್ಲಿವೊನ್. ಮೊನ್ನೆ ತಾನೇ ನಕಲಿಟ್ಟಿದ್ದೆ ಎಂದು ನೆನಪಿತ್ತು. ಸಿಕ್ಕಿಸಿ, ಸುರಿದು, ಎರಡು ಗಂಟೆ ಕಾದಳು. ಮಧ್ಯಾಹ್ನದ ಹೊತ್ತಿಗೆ ಹಳೆಯ ಬೂದು ಪರದೆ ಬಂತು. ಪ್ಲೇಟ್ ಯಂತ್ರ ಗೊರ ಗೊರ ಅಂತು. ಅವಳು ತೆಜೊನ ಕಡೆ ತಿರುಗಿ ನೋಡಿದಳು.

ಆದರೆ ಕೆಲಸಗಳ ಪಟ್ಟಿ ತೆರೆದು ಮೇಲಿಂದ ಕೆಳಕ್ಕೆ ಎರಡು ಸಲ ಹುಡುಕಿದಳು. ಲೆಬರಾನ್ ಆದ ಮೇಲಿನ ಒಂದು ಕೆಲಸವೂ ಇಲ್ಲ. ಮೂರು ಮದುವೆ ಕಾಗದ ಇಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಕ್ರಮಾರೆಜೊ ಅಜ್ಜನ ಯಾಸಿನ್ ಪುಸ್ತಿಕೆ ಇಲ್ಲ. ಅಜ್ಜ ತೀರಿಕೊಂಡು ಬರುವ ಗುರುವಾರ ವಗೆಗೆ ಸಾವಿರ ದಿನ. ಅಂದು ಬಂದವರ ಕೈಗೆಲ್ಲ ಕೊಡುವ ಪ್ರಾರ್ಥನೆಯ ಪುಸ್ತಿಕೆ ಅದು: ಮೊದಲ ಪುಟದಲ್ಲಿ ಅಜ್ಜನ ಪಟ, ಎರಡನೆಯದರಲ್ಲಿ ಆ ಮನೆಯ ಸತ್ತವರೆಲ್ಲರ ಹೆಸರು. ಆ ಹೆಸರುಗಳನ್ನು ದೊಡ್ಡ ದನಿಯಲ್ಲಿ ಓದಿ ಪ್ರಾರ್ಥನೆ ಸಲ್ಲಿಸುತ್ತಾರೆ. ಹೆಸರು ಓದದಿದ್ದರೆ ಪ್ರಾರ್ಥನೆ ಅವರಿಗೆ ಮುಟ್ಟುವುದಿಲ್ಲ.

"ಇದಕ್ಕೂ ದಾರ ಕಟ್ಟಿದೀನಿ ಅಂತಿದ್ರಲ್ಲ ಬು ಪೊನ್?" ತೆಜೊ ಹಿಂದಿನಿಂದ ಕೇಳಿದ. "ಗಂಟು ಸಡಿಲ ಆಯ್ತೇನೋ."

"ನಕ್ಕೋ ಮಾಸ್. ನಕ್ಕಾದ ಮೇಲೆ ನನ್ನ ಸೈಕಲ್ಲಿಗೆ ಗಾಳಿ ಹೊಡಿ."

ಆ ಹೆಸರುಗಳನ್ನು ಬರೆಸಿದ್ದವರು ಅಜ್ಜನ ಹಿರಿಯ ಮಗ ಸುದರ್ನೊ, ಊರಿನ ಶಾಲೆಯ ಮುಖ್ಯ ಮೇಷ್ಟ್ರು; ಊರವರ ಬಾಯಲ್ಲಿ ಪಾಕ್, ಎಂದರೆ ಯಜಮಾನರು. ಅಂಗಡಿಯಲ್ಲಿ ನಿಂತು ಫೋನ್ ನೋಡಿಕೊಂಡು ಇಪ್ಪತ್ತೆರಡು ಹೆಸರು ಹೇಳಿದ್ದರು. ಅವರ ತಾಯಿ ಸಮಿನ್ತೆನ್ ಅಜ್ಜಿ ಪಕ್ಕದ ಬೆಂಚಿನಲ್ಲಿ ಕೈ ಮಡಚಿ ಕೂತಿದ್ದಳು, ತುಟಿ ಬಿಚ್ಚಿರಲಿಲ್ಲ. ಈಗ ಮೇಷ್ಟ್ರು ಸೆಮಾರಾಂಗಿಗೆ ಸಭೆಗೆಂದು ಹೋಗಿದ್ದರು, ಶನಿವಾರವೇ ಬರುವುದು. ಪೊನಿರಾ ನೇರವಾಗಿ ಅಜ್ಜಿಯ ಮನೆಗೇ ಸೈಕಲ್ ತುಳಿದಳು.

ಅಜ್ಜಿ ಹಿತ್ತಿಲ ಜಗಲಿಯಲ್ಲಿ ಬಾಳೆಲೆಯಲ್ಲಿ ಸೋಯಾ ಕಾಳಿನ ತೆಂಪೆ ಕಟ್ಟುತ್ತಿದ್ದಳು.

"ಸಿಂಬಾಹ್, ಅಜ್ಜೀ, ನನ್ನಿಂದ ತಪ್ಪಾಗಿದೆ. ನಿಮ್ಮ ಹೆಸರಿನ ಪಟ್ಟಿ ಕಂಪ್ಯೂಟರಿಂದ ಹೋಗಿಬಿಟ್ಟಿದೆ."

"ಎಲ್ಲಿಗೆ ಹೋಯ್ತು?"

"ಯಂತ್ರ ಹಿಂದಕ್ಕೆ ಹೋಗಿದೆ. ಲೆಬರಾನಿಗೂ ಮುಂಚೆಗೆ."

"ಹಾಗಾದ್ರೆ ಹಬ್ಬದ ಕೋಳಿ ಸಾರು ಇನ್ನೊಂದ್ಸಲ ಸಿಗುತ್ತೆ ಅನ್ನು." ಅಜ್ಜಿ ನಕ್ಕು ಕೈ ಒರೆಸಿಕೊಂಡಳು. "ಕೂತ್ಕೊ. ಬರ್ಕೊ. ಆವತ್ತು ಹೇಳಿದವನು ಅವನು. ಇವತ್ತು ನಾನೇ ಹೇಳ್ತೀನಿ."

ಹೇಳುತ್ತ ಹೋದಳು. ಮಾವ, ಅತ್ತೆ, ಮಾವನ ಅಣ್ಣಂದಿರು, ತನ್ನ ಅಪ್ಪ ಅಮ್ಮ, ಹುಟ್ಟಿ ಹನ್ನೊಂದು ದಿನಕ್ಕೆ ಹೋದ ಕೂಸು. ಎಲೆ ಮಡಚುವ ಕೈ ನಿಲ್ಲಲಿಲ್ಲ, ಹೆಸರೂ ನಿಲ್ಲಲಿಲ್ಲ. ಪೊನಿರಾ ಎಣಿಸಿದಳು, ಇಪ್ಪತ್ತೆರಡಾಯಿತು. ಪುಸ್ತಕ ಮುಚ್ಚಹೊರಟಳು.

"ಇನ್ನೊಂದು ಬರಿ," ಅಂದಳು ಅಜ್ಜಿ. "ಸಾದಿನೆಮ್."

ಪೊನಿರಾ ಎತ್ತಿದ ಪೆನ್ಸಿಲ್ ಕಾಗದಕ್ಕೆ ಇಳಿಯಲಿಲ್ಲ. ಐವತ್ತು ದಾಟಿದವರಿಗೆ ಆ ಸೀಮೆಯಲ್ಲಿ ಸಾದಿನೆಮ್ ಯಾರೆಂದು ಹೇಳಬೇಕಾಗಿಲ್ಲ. ಕ್ರಮಾರೆಜೊ ಅಜ್ಜನ ತಂಗಿ. ತಯುಬ್ ಕುಣಿಯುವವಳು. ಸುಗ್ಗಿ ಮುಗಿದ ಊರಲ್ಲೆಲ್ಲ ಅವಳ ಗೆಜ್ಜೆ, ಅವಳ ಹಾಡು; ಅವಳ ಜೊತೆ ಒಂದು ಸುತ್ತು ಕುಣಿಯಲು ಗಂಡಸರು ಸರದಿ ನಿಲ್ಲುತ್ತಿದ್ದರು, ಬೆಳಗಾದರೆ ಅವಳ ಮುಖ ನೋಡದೆ ಬೀದಿ ದಾಟುತ್ತಿದ್ದರು. ಅವಳು ಸತ್ತು ಮೂವತ್ತು ವರ್ಷವಾಗಿತ್ತು. ಮೇಷ್ಟ್ರ ಮನೆಯಲ್ಲಿ ಅವಳದೊಂದು ಪಟವೂ ಇರಲಿಲ್ಲ.

"ಪಾಕ್ ಸುದರ್ನೊ ಒಪ್ತಾರಾ ಸಿಂಬಾಹ್?"

"ಸತ್ತದ್ದು ಯಾರ ಗಂಡ?" ಅಜ್ಜಿ ಎಲೆಗೆ ಕಡ್ಡಿ ಚುಚ್ಚಿದಳು. "ಇಲಿ ಬಂದು ಗದ್ದೆ ಗದ್ದೆಯೇ ಮೇಯ್ದು ಹೋಯ್ತಲ್ಲ, ಆ ವರ್ಷ ಈ ಮನೇಲಿ ಒಲೆ ಹೊತ್ತಿದ್ದು ಅವಳ ಕಾಲಿಂದ. ಕುಣಿದು ಕುಣಿದು ಬೆಳಿಗ್ಗೆ ಶಲ್ಯದಲ್ಲಿ ಅಕ್ಕಿ ಕಟ್ಕೊಂಡು ಬರೋಳು. ಅಕ್ಕಿ ಸುರಿದು, ಅದೇ ಶಲ್ಯದಲ್ಲಿ ಸುದರ್ನೊನನ್ನ ಸೊಂಟಕ್ಕೆ ಕಟ್ಕೊಂಡು ಓಡಾಡೋಳು, ನಾನು ಸ್ವಲ್ಪ ಮಲಗಲಿ ಅಂತ. ಅಣ್ಣನ ಸಾವಿರದ ದಿನ ಅವಳನ್ನ ಬಾಗಿಲ ಹೊರಗೆ ನಿಲ್ಲಿಸಲಾ?"

"ಆವತ್ತು ಅಂಗಡೀಲಿ ಯಾಕೆ ಹೇಳಲಿಲ್ಲ?"

"ಅವನು ಪಕ್ಕದಲ್ಲಿದ್ದ. ನಂಗೆ ಧೈರ್ಯ ಬರಲಿಲ್ಲ. ಮನೆಗೆ ಬಂದ ಮೇಲೆ ನಿದ್ದೇನೂ ಬರಲಿಲ್ಲ." ಅಜ್ಜಿ ಇನ್ನೊಂದು ಎಲೆ ಎಳೆದುಕೊಂಡಳು: "ಬರ್ಕೊಂಡೆಯಾ? ಓದು ನೋಡೋಣ."

ಪೊನಿರಾ ಓದಿದಳು. ಬರೆಯದೆ ಓದುವುದು ಹೇಗೆ? ಬರೆದೇ ಓದಿದಳು.

ಮನೆಗೆ ಬಂದಾಗ ಸಂಜೆಯ ಬಾಂಗಿಗೆ ಇನ್ನೂ ಹೊತ್ತಿತ್ತು. ಬಟ್ಟೆಪೆಟ್ಟಿಗೆ ತೆರೆದು ಇನ್ನೊಂದು ಡಿಸ್ಕ್ ತೆಗೆದಳು. ಮೇಲೆ ತನ್ನದೇ ಅಕ್ಷರ: ಮಂಗಳವಾರ ಕ್ಲಿವೊನ್. ಕೂತಲ್ಲೇ ಗೊತ್ತಾಯಿತು. ಹಬ್ಬಕ್ಕೆ ಅಂಗಡಿ ಮುಚ್ಚಿದ್ದರಿಂದ ನಡುವೆ ಒಂದು ನಕಲೂ ಇಟ್ಟಿರಲಿಲ್ಲ. ಅಂಗಡಿಯದು ಹೋದ ಸುತ್ತಿನ ಮಂಗಳವಾರ ಕ್ಲಿವೊನ್, ಮನೆಯದು ಈ ಸುತ್ತಿನದು. ನಡುವೆ ಮೂವತ್ತೈದು ದಿನ. ಇಷ್ಟು ವರ್ಷ ಆ ಚಕ್ರವನ್ನು ನಂಬಿ ಬದುಕಿದವಳು ಅದರ ಕೈಯಲ್ಲೇ ಬಡಿಸಿಕೊಂಡಿದ್ದಳು.

ಮರುದಿನ ಬೆಳಿಗ್ಗೆ ಡಿಸ್ಕನ್ನು ತೆಜೊನ ಮುಂದೆ ಇಟ್ಟು, "ತಪ್ಪು ನನ್ನದು, ಯಂತ್ರದ್ದಲ್ಲ," ಅಂದಳು. ಸರಿಯಾದ ನಕಲು ಸುರಿದಳು. ಮದುವೆ ಕಾಗದಗಳು ಬಂದವು, ಅಜ್ಜನ ಪಟ ಬಂತು, ಮೇಷ್ಟ್ರು ಹೇಳಿದ ಇಪ್ಪತ್ತೆರಡು ಹೆಸರು ಬಂದವು. ಅವಳು ಕೊನೆಯ ಸಾಲಿನ ಕೆಳಗೆ ಕರ್ಸರ್ ಇಟ್ಟು ಸಾದಿನೆಮ್ ಎಂದು ಹೊಡೆದಳು. ಪ್ರೂಫ್ ತೆಗೆದು ಮೇಷ್ಟ್ರ ಮನೆಗೆ ಕಳುಹಿಸಿದಳು. ಕದ್ದು ಅಚ್ಚು ಹಾಕುವುದು ಅವಳ ಜಾಯಮಾನವಲ್ಲ.

ಶನಿವಾರ ಮಧ್ಯಾಹ್ನ ಮೇಷ್ಟ್ರು ಬಂದರು. ಮೋಟಾರ್ ಸೈಕಲ್ಲಿನ ಸದ್ದಿನಲ್ಲೇ ಸಿಟ್ಟು ಕೇಳುತ್ತಿತ್ತು.

"ಬು ಪೊನ್, ಈ ಇಪ್ಪತ್ತಮೂರನೇ ಸಾಲು ಏನು?"

"ಹೆಸರು, ಪಾಕ್."

"ನಾನು ಹೇಳಿದ್ದು ಇಪ್ಪತ್ತೆರಡು."

"ನೀವು ಹೇಳಿದ್ದು ಇಪ್ಪತ್ತೆರಡೇ. ಇದು ಸಿಂಬಾಹ್ ಹೇಳಿದ್ದು."

"ಅಮ್ಮನಿಗೆ ಎಂಬತ್ತು ದಾಟಿದೆ. ಏನೇನೋ ನೆನಪಾಗುತ್ತೆ, ಏನೇನೋ ಹೇಳ್ತಾರೆ."

"ಇಪ್ಪತ್ತಮೂರನ್ನೂ ಒಂದೂ ತಡವರಿಸದೆ ಹೇಳಿದ್ರು ಪಾಕ್. ನೀವು ಫೋನ್ ನೋಡ್ಕೊಂಡು ಹೇಳಿದ್ರಿ."

ಒಳಗೆ ಕಾಗದ ಕತ್ತರಿಸುತ್ತಿದ್ದ ತೆಜೊ ಕೆಮ್ಮಿದ. ಮೇಷ್ಟ್ರು ದನಿ ತಗ್ಗಿಸಿದರು.

"ನೋಡಿ, ಆ ದಿನ ಜಿಲ್ಲೆಯಿಂದ ಅಧಿಕಾರಿಗಳು ಬರ್ತಾರೆ, ಗುರುಗಳು ಬರ್ತಾರೆ. ಅವರ ಮುಂದೆ ಆ ಹೆಸರು ಓದಿಸೋಕಾಗಲ್ಲ. ಈ ಕಂಪ್ಯೂಟರ್ ಸೀನಿದ್ರೂ ನೀವು ಹಿಂದಕ್ಕೆ ಕರ್ಕೊಂಡು ಹೋಗ್ತೀರಂತಲ್ಲ? ಇದನ್ನೂ ಕರ್ಕೊಂಡು ಹೋಗಿ. ನಾನು ಹೇಳಿದ ದಿನಕ್ಕೆ."

"ಹೋಗಬಹುದು," ಅಂದಳು ಪೊನಿರಾ. ಹಳೆಯ ಪಟ್ಟಿಯನ್ನೂ ತೆರೆದು ತೋರಿಸಿದಳು. "ಇಲ್ಲ ಅಂತ ಸುಳ್ಳು ಯಾಕೆ ಹೇಳ್ಲಿ, ಇಲ್ಲೇ ಇದೆ. ಆದ್ರೆ ಪ್ಲೇಟಿಗೆ ಹೋಗೋದು ಇದಲ್ಲ. ಯಂತ್ರ ಕೆಟ್ಟಾಗ ಹಿಂದಕ್ಕೆ ಹೋಗ್ತೀನಿ. ಸಿಂಬಾಹ್ ಹೇಳಿದ್ರಲ್ಲಿ ಏನೂ ಕೆಟ್ಟಿಲ್ಲ. ಅವರೇ ತಮ್ಮ ಬಾಯಿಂದ ಬೇಡ ಅನ್ನಲಿ, ಈ ಬೆರಳಲ್ಲೇ ಅಳಿಸ್ತೀನಿ."

"ಶಾಲೆಯ ಪ್ರಶ್ನೆಪತ್ರಿಕೆಯೆಲ್ಲ ಇಲ್ಲೇ ಅಚ್ಚಾಗೋದು. ನೆನಪಿರಲಿ."

"ನೆನಪಿದೆ ಪಾಕ್. ಅದರಲ್ಲಿ ನಿಮ್ಮ ತಪ್ಪು ತಿದ್ದೋದೂ ನಾನೇ."

ಮೇಷ್ಟ್ರು ತೆಜೊನ ಕಡೆ ಒಂದು ನೋಟ ಎಸೆದು ಹೊರಟರು. ಸದ್ದು ಬೀದಿಯ ತಿರುವು ದಾಟಿದ ಮೇಲೆ ತೆಜೊ ಕಾಗದ ಕತ್ತರಿಸುವುದು ಬಿಟ್ಟು ಬಂದ.

"ಬು ಪೊನ್. ಒಂದು ಸಾಲು. ಒಂದೇ ಸಾಲು ಅಳಿಸಿಬಿಡಿ. ಸತ್ತವಳಿಗೆ ಗೊತ್ತಾಗುತ್ತಾ?"

"ಗೊತ್ತಾಗಲ್ಲ ಅಂದ್ರೆ ಸಾವಿರ ದಿನ ಯಾಕೆ ಎಣಿಸ್ತೀವಿ? ನೀನೇ ಅಳಿಸು ಮಾಸ್. ಕುರ್ಚಿ ಇಲ್ಲಿದೆ."

ಅವಳು ಎದ್ದು ನಿಂತಳು. ತೆಜೊ ಕೂತ. ಕೀಲಿಗಳ ಮೇಲೆ ಅಕ್ಷರಗಳೆಲ್ಲ ಸವೆದು ಹೋಗಿದ್ದವು. ಪೊನಿರಾಳ ಬೆರಳುಗಳಿಗೆ ಮಾತ್ರ ಅವು ಗೊತ್ತು. ಒಂದು ಒತ್ತಿದರೆ ಇನ್ನೊಂದು ಬಂತು. ಪಟ ಮಾಯವಾಯಿತು, ಮತ್ತೆ ತಲೆಕೆಳಗಾಗಿ ಬಂತು. ಕಾಲು ಗಂಟೆ ಹೋರಾಡಿ ಕೈ ಎತ್ತಿದ.

"ಇದು ಯಾವ ಕಾಲದ್ದು?"

"ನೀನು ಚಡ್ಡಿ ಹಾಕ್ಕೊಂಡು ಇಲ್ಲಿ ಓಡಾಡ್ತಿದ್ದ ಕಾಲದ್ದು."

"ನಾಳೆಯಿಂದ ಬರೋದು ಬೇಡ ಅಂತ ನಾನು ಅಂದ್ರೆ?"

"ಅಂದ್ಬಿಡು. ಇದನ್ನ ಅಚ್ಚು ಹಾಕಿ ಹೋಗ್ತೀನಿ. ಕೊಟ್ಟ ಮಾತು."

ತೆಜೊ ಅನ್ನಲಿಲ್ಲ. ಎದ್ದು ಹೋಗಿ ಮತ್ತೆ ಕಾಗದ ಕತ್ತರಿಸಿದ, ಬೇಕಾದ್ದಕ್ಕಿಂತ ಜೋರಾಗಿ. ಪೊನಿರಾ ಪಟವನ್ನು ಸರಿಮಾಡಿ ಕೂರಿಸಿದಳು.

ಸೋಮವಾರ ಬೆಳಿಗ್ಗೆ ಮೇಷ್ಟ್ರು ತಾಯಿಯನ್ನು ಮೋಟಾರ್ ಸೈಕಲ್ಲಿನ ಹಿಂದೆ ಕೂರಿಸಿಕೊಂಡೇ ಬಂದರು. ದಾರಿಯುದ್ದಕ್ಕೂ ಏನು ಹೇಳಿ ಒಪ್ಪಿಸಿದ್ದರೋ, ಅಜ್ಜಿಯ ಮುಖದಲ್ಲಿ ಏನೂ ಓದುವಂತಿರಲಿಲ್ಲ. ಬೆಂಚಿನ ಮೇಲೆ ಕೂರದೆ ಸೀದಾ ಬಂದು ಪರದೆಯ ಮುಂದೆ ನಿಂತಳು. ಅವಳಿಗೆ ಓದು ಬಾರದು.

"ಅಮ್ಮಾ, ಬು ಪೊನ್‌ಗೆ ಹೇಳು," ಅಂದರು ಮೇಷ್ಟ್ರು. "ಮನೇಲಿ ಮಾತಾಡಿದ್ವಲ್ಲ."

"ನೀನು ಮಾತಾಡಿದೆ," ಅಂದಳು ಅಜ್ಜಿ. ಪೊನಿರಾಳ ಕಡೆ ತಿರುಗಿದಳು. "ಓದು."

ಅಜ್ಜಿ ಬೇಡ ಅಂದರೆ ಅಳಿಸಲೇಬೇಕು. ಹಾಗೆಂದು ತಾನೇ ಬಾಯಿಬಿಟ್ಟು ಹೇಳಿಯಾಗಿತ್ತು. ಪೊನಿರಾ ಮೊದಲಿನಿಂದ ಓದಿದಳು, ಅವಸರ ಮಾಡದೆ. ಇಪ್ಪತ್ತೆರಡು ಮುಗಿದು ಇಪ್ಪತ್ತಮೂರನೆಯದಕ್ಕೆ ಬಂದಾಗ ದನಿ ಇಳಿಸಲಿಲ್ಲ, ಏರಿಸಲೂ ಇಲ್ಲ.

ಅಜ್ಜಿ ಪರದೆಗೆ ಇನ್ನಷ್ಟು ಹತ್ತಿರ ಬಗ್ಗಿದಳು.

"ಕೊನೇಲಿ ಯಾಕೆ ಹಾಕಿದೀಯ?" ಅಂದಳು ಅಜ್ಜಿ.

"ಏನು ಸಿಂಬಾಹ್?"

"ನಮ್ಮತ್ತೆ ಮಗಳು ಅಲ್ವಾ ಅವಳು? ಅತ್ತೆಯ ಹೆಸರಿನ ಕೆಳಗೆ ಹಾಕು. ಕೊನೇಲಿ ತುರುಕಿದ ಹಾಗಿದೆ."

"ಅಮ್ಮಾ," ಅಂದರು ಮೇಷ್ಟ್ರು.

"ನಿನಗೆ ನಾಚಿಕೆ ಆದ್ರೆ ಆ ಹೆಸರು ಓದುವಾಗ ನೆಲ ನೋಡು ಮಗಾ. ಅವಳು ನಿನ್ನ ಹೊತ್ತಾಗ ನಿನಗೆ ನಾಚಿಕೆ ಇರಲಿಲ್ಲ, ಚಡ್ಡೀನೂ ಇರಲಿಲ್ಲ."

ತೆಜೊ ಕಾಗದದ ರಾಶಿಯ ಹಿಂದೆ ಬಗ್ಗಿಬಿಟ್ಟ. ಪೊನಿರಾ ಮಾತ್ರ ನಗಲಿಲ್ಲ. ಸಾದಿನೆಮಳ ಹೆಸರನ್ನು ಕೊನೆಯಿಂದ ಕತ್ತರಿಸಿ ಅತ್ತೆಯ ಹೆಸರಿನ ಕೆಳಗೆ ತಂದಿಟ್ಟಳು. ಅಜ್ಜಿ ಪರದೆಗೆ ಬೆರಳು ಮುಟ್ಟಿಸಿ, "ಇದಾ?" ಎಂದು ಕೇಳಿದಳು. "ಅದೇ," ಅಂದಳು ಪೊನಿರಾ. ಅಜ್ಜಿಯ ಬೆರಳು ಅಲ್ಲೇ ಸ್ವಲ್ಪ ಹೊತ್ತು ಇತ್ತು. ಬಾಳೆಲೆಯ ಕರೆ ಗಾಜಿಗೆ ಅಂಟಿತು.

ಇನ್ನೂರು ಪುಸ್ತಿಕೆ ಬುಧವಾರದೊಳಗೆ ಹೊಲಿದು ಮುಗಿಯಿತು. ಗುರುವಾರ ವಗೆ, ಸಂಜೆಯ ಮುಂಚಿನ ನಮಾಜಿನ ನಂತರ ಮೇಷ್ಟ್ರ ಮನೆಯ ಅಂಗಳದಲ್ಲಿ ಚಾಪೆ ಹಾಸಿದರು. ಗಂಡಸರು ಮುಂದೆ, ಹೆಂಗಸರು ಹಿಂದೆ ಅಡುಗೆಮನೆಯಲ್ಲಿ. ಪೊನಿರಾ ಅಪೆಮ್ ದೋಸೆಯ ಹೆಂಚಿನ ಮುಂದೆ ಕೂತಿದ್ದಳು. ಪ್ರಾರ್ಥನೆ ನಡೆಸುವ ಹಿರಿಯರು ಪುಸ್ತಿಕೆ ಹಿಡಿದು ಹೆಸರು ಓದತೊಡಗಿದ್ದು ಗೋಡೆಯಾಚೆಯಿಂದ ಕೇಳಿಸುತ್ತಿತ್ತು. ಅಜ್ಜನ ಅಪ್ಪ. ಅಜ್ಜನ ಅಮ್ಮ. ಆಮೇಲೆ ಒಂದು ಕ್ಷಣ ದನಿ ನಿಂತಿತು. ಆ ಹಿರಿಯರೂ ಎಪ್ಪತ್ತರವರೇ. ಹಿಟ್ಟು ಕಲಸುತ್ತಿದ್ದ ಹೆಂಗಸರ ಕೈಗಳೆಲ್ಲ ನಿಂತವು.

"ಸಾದಿನೆಮ್," ಎಂದು ಓದಿದರು ಅವರು. ಮುಂದಿನ ಹೆಸರಿಗೆ ಹೋದರು.

ಯಾರೋ ಒಬ್ಬಳು ಪಿಸುಗುಟ್ಟಿದಳು: "ನನ್ನ ಅಕ್ಕನ ಮದುವೇಲಿ ಅವಳೇ ಕುಣಿದದ್ದು." ಇನ್ನೊಬ್ಬಳು, "ನಮ್ಮೂರಲ್ಲೂ ಕುಣಿದಿದ್ಲು," ಅಂದಳು. ಸಮಿನ್ತೆನ್ ಅಜ್ಜಿ ಮೂಲೆಯಲ್ಲಿ ಕೂತು ಎರಡೂ ಅಂಗೈ ಮೇಲಕ್ಕೆ ಹಿಡಿದಿದ್ದಳು. ಅಂಗಳದಿಂದ ಆಮೀನ್ ಎಂಬ ದನಿಗಳು ಬಂದವು. ಅವುಗಳಲ್ಲಿ ಮಗನ ದನಿ ಇತ್ತೋ ಇಲ್ಲವೋ ಗೋಡೆಯೀಚೆ ತಿಳಿಯಲಿಲ್ಲ.

ಎಲ್ಲರೂ ಊಟದ ಪೊಟ್ಟಣ ಹಿಡಿದು ಚದುರುವ ಹೊತ್ತಿಗೆ ಮೇಷ್ಟ್ರು ಹಿತ್ತಿಲ ಬಾಗಿಲಿಗೆ ಬಂದರು. ಪೊನಿರಾಳ ಕೈಗೂ ಒಂದು ಪೊಟ್ಟಣ ಕೊಟ್ಟರು, ಮರ್ಯಾದೆಯಿಂದಲೇ.

"ಬರೋ ಪರೀಕ್ಷೆಯ ಪ್ರಶ್ನೆಪತ್ರಿಕೆ ಸೋಲೊದಲ್ಲಿ ಅಚ್ಚು ಮಾಡಿಸ್ತೀನಿ ಬು ಪೊನ್. ತೆಜೊಗೂ ಹೇಳಿದೀನಿ."

"ಮಾಡಿಸಿ ಪಾಕ್," ಅಂದಳು ಪೊನಿರಾ. ಪೊಟ್ಟಣವನ್ನು ಸೈಕಲ್ಲಿನ ಹಿಂದೆ ಕಟ್ಟಿದಳು, ಎರಡು ಸುತ್ತು ದಾರ ಸುತ್ತಿ ಗಂಟು ಬಿಗಿದಳು. "ಒಂದು ಮಾತು. ಅಲ್ಲಿ ತಪ್ಪು ತಿದ್ದೋರು ಯಾರೂ ಇರಲ್ಲ. ಕಳಿಸೋಕೆ ಮುಂಚೆ ನೀವೇ ಎರಡು ಸಲ ಓದ್ಕೊಳ್ಳಿ."

ಸೈಕಲ್ ಹತ್ತಿ ಹೊರಟಳು. ಅವಳು ತಿರುಗಿ ನೋಡಲಿಲ್ಲ.